ಹೂಂ ಅಂದವನೋ, ಎದ್ದು ಹೋದವನೋ?

ಯೂತ್ ಸರ್ವಿಸ್ ಸಂದೇಶದ ಬರಹ ರೂಪ

ಓದಬೇಕಾದ ವಾಕ್ಯಭಾಗಗಳು: ಮತ್ತಾಯ 21:28-31; ಯಾಕೋಬ 2:14-17; 1 ಯೋಹಾನ 3:17-18; ಲೂಕ 10:25-37

ಎಲ್ಲರೂ ಕೂತ್ಕೊಳ್ಳಿ. ಆರಾಧನೆ ನಡೆಸಿಕೊಟ್ಟ ಮಕ್ಕಳಿಗಾಗಿ ದೇವರಿಗೆ ಸ್ತೋತ್ರ.

ಸತ್ಯವೇದ ತೆಗೀರಿ. ಮೊಬೈಲಲ್ಲಿ ಓದೋರು ಮೊಬೈಲಲ್ಲೇ ತೆಗೀರಿ, ಪರವಾಗಿಲ್ಲ. ಆದ್ರೆ ವಾಟ್ಸಾಪ್ ಕಡೆ ಬೆರಳು ಹೋಗೋದು ಬೇಡ. ಮತ್ತಾಯ 21ನೇ ಅಧ್ಯಾಯ, 28ನೇ ವಚನದಿಂದ.

ಇವತ್ತಿನ ಸಂದೇಶವನ್ನ ನಾನು ನಿಮಗೆ ಹೇಳೋಕೆ ಮುಂಚೆ ದೇವರು ನನಗೇ ಹೇಳಿದ್ದಾರೆ. ಹಾಗಾಗಿ ಇದು ಪಾಸ್ಟರ್ ಮೇಲೆ ನಿಂತು ಕೆಳಗಿನವರಿಗೆ ಬುದ್ಧಿ ಹೇಳೋ ಪ್ರಸಂಗ ಅಲ್ಲ. ನನ್ನದೇ ಒಂದು ತಪ್ಪಿನ ಮೇಲೆ ನಿಂತಿರೋ ಪಾಠ.

1. ಇಬ್ಬರು ಮಕ್ಕಳು

ಯೇಸುಸ್ವಾಮಿ ಹೇಳಿದ ಈ ಕಥೆ ತುಂಬಾ ಚಿಕ್ಕದು. ಒಬ್ಬ ತಂದೆ, ಇಬ್ಬರು ಗಂಡುಮಕ್ಕಳು. ತಂದೆ ಇಬ್ಬರಿಗೂ ಒಂದೇ ಮಾತು ಹೇಳ್ತಾನೆ: ಇವತ್ತು ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡು.

ಒಬ್ಬ ಮುಖಕ್ಕೆ ಹೊಡೆದ ಹಾಗೆ ‘ಆಗಲ್ಲ’ ಅಂದುಬಿಡ್ತಾನೆ. ಮರ್ಯಾದೆ ಇಲ್ಲ, ಸೌಜನ್ಯ ಇಲ್ಲ. ಆದ್ರೆ ಆಮೇಲೆ ಯಾಕೋ ಮನಸ್ಸು ಚುಚ್ಚುತ್ತೆ, ಎದ್ದು ಹೋಗಿ ಕೆಲಸ ಮಾಡ್ತಾನೆ. ಇನ್ನೊಬ್ಬ ಬಹಳ ವಿನಯದ ಹುಡುಗ. ‘ಆಯ್ತಪ್ಪಾ, ಹೋಗ್ತೀನಿ’ ಅಂತಾನೆ. ಅಷ್ಟೇ. ಹೋಗೋದಿಲ್ಲ.

ಇಬ್ಬರಲ್ಲಿ ತಂದೆಯ ಇಷ್ಟದ ಹಾಗೆ ನಡೆದವನು ಯಾರು ಅಂತ ಸ್ವಾಮಿ ಕೇಳ್ತಾರೆ. ಕೇಳಿದ್ದು ಯಾರನ್ನ ಗಮನಿಸಿ. ದೇವಾಲಯದಲ್ಲಿ ದಿನಾ ವಾಕ್ಯ ಓದಿ, ಪ್ರಾರ್ಥನೆ ಮಾಡಿ, ಜನಕ್ಕೆ ಬೋಧನೆ ಮಾಡ್ತಿದ್ದ ಯಾಜಕರನ್ನ, ಹಿರಿಯರನ್ನ. ಅಂದ್ರೆ ಮಾತೇ ಬದುಕಾಗಿದ್ದ ಜನರನ್ನ. ಇವತ್ತು ಸ್ವಾಮಿ ಇಲ್ಲಿಗೆ ಬಂದು ಕೇಳಿದ್ರೆ ಮೊದಲು ಮೈಕ್ ಹಿಡಿದಿರೋ ನನ್ನನ್ನ ಕೇಳ್ತಾರೆ.

ಪ್ರಿಯರೇ, ನಾವು ಪೆಂಟೆಕೋಸ್ಟ್ ಜನ. ಬಾಯಿ ತೆರೆದು ಆರಾಧಿಸೋ ಜನ. ಸ್ತೋತ್ರ ಹೇಳ್ತೀವಿ, ಅನ್ಯಭಾಷೆಯಲ್ಲಿ ಮಾತಾಡ್ತೀವಿ, ಸಾಕ್ಷಿ ಹೇಳ್ತೀವಿ, ಆಮೆನ್ ಅಂತ ಗಟ್ಟಿಯಾಗಿ ಕೂಗ್ತೀವಿ. ಇದರಲ್ಲಿ ಯಾವುದನ್ನೂ ನಾನು ಕಡಿಮೆ ಮಾಡ್ತಿಲ್ಲ. ಇದೆಲ್ಲ ದೇವರು ಕೊಟ್ಟ ಆಶೀರ್ವಾದ. ಆದ್ರೆ ಬಾಯಿ ಹೆಚ್ಚು ಕೆಲಸ ಮಾಡೋ ಕಡೆ ಒಂದು ಅಪಾಯ ಇರುತ್ತೆ. ‘ಆಯ್ತಪ್ಪಾ’ ಅಂದ ಕೂಡಲೇ ತೋಟದ ಕೆಲಸ ಮುಗಿದೇ ಹೋಯ್ತು ಅನ್ನೋ ಸಮಾಧಾನ ಬಂದುಬಿಡುತ್ತೆ. ಹೇಳಿದ್ದೇ ಮಾಡಿದ ಹಾಗೆ ಅನ್ನಿಸುತ್ತೆ. ಆ ಸಮಾಧಾನ ನನಗೂ ಬಂದಿತ್ತು.

2. ಅಂತರಸಂತೆ ಕಡೆಯ ಅಜ್ಜಿ

ಅಂತರಸಂತೆ ನಿಮಗೆಲ್ಲ ಗೊತ್ತು. ಎಚ್.ಡಿ. ಕೋಟೆ ದಾಟಿ ಮಾನಂದವಾಡಿ ರಸ್ತೆಯಲ್ಲಿ ಸಿಗೋ ಊರು. ನಿಮ್ಮಲ್ಲಿ ತುಂಬಾ ಜನ ಅದನ್ನ ನೋಡಿರೋದು ಕಬಿನಿ ಟ್ರಿಪ್‌ಗೆ ಹೋಗುವಾಗ, ಬಸ್ಸಿನ ಇಲ್ಲಾ ಕಾರಿನ ಕಿಟಕಿಯಿಂದ. ಮುಂದೆ ಹೋದ್ರೆ ನಾಗರಹೊಳೆ ಕಾಡು, ಪಕ್ಕಕ್ಕೆ ಕಬಿನಿ ಹಿನ್ನೀರು. ಹತ್ತಿ, ರಾಗಿ, ಹೊಗೆಸೊಪ್ಪು ಬೆಳೆಯೋ ಸೀಮೆ.

ಹೋದ ವರ್ಷ ಜನವರಿಯಲ್ಲಿ ನಾವು ಕೆಲವರು ಆ ಊರಿನ ಪಕ್ಕದ ಒಂದು ಹಳ್ಳಿಗೆ ಹೋಗಿದ್ವಿ. ಅಲ್ಲಿ ಒಂದು ವಿಶ್ವಾಸಿ ಕುಟುಂಬ ಇದೆ, ಅವರ ಮನೆಯಲ್ಲಿ ಪ್ರಾರ್ಥನೆ ಇತ್ತು. ಪ್ರಾರ್ಥನೆ ಮುಗಿದ ಮೇಲೆ ಪಕ್ಕದ ಮನೆಯ ಅಜ್ಜಿಯನ್ನ ಕೈ ಹಿಡಿದು ಕರ್ಕೊಂಡು ಬಂದ್ರು. ಎರಡೂ ಕಣ್ಣಿಗೆ ಪೊರೆ. ಬೆಳಕು ಇದೆ ಅನ್ನೋದು ಗೊತ್ತಾಗುತ್ತೆ, ಮುಖ ಗೊತ್ತಾಗಲ್ಲ. ಒಲೆ ಹಚ್ಚೋಕೆ ಭಯ, ಬಚ್ಚಲಿಗೆ ಹೋಗೋಕೆ ಗೋಡೆ ಹಿಡೀಬೇಕು.

ನಾನು ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದೆ. ಚೆನ್ನಾಗಿಯೇ ಮಾಡಿದೆ, ಸುಳ್ಳು ಹೇಳಲ್ಲ. ನನ್ನ ಕಣ್ಣಲ್ಲೂ ನೀರು ಬಂತು. ಎದ್ದು ಹೊರಡುವಾಗ ಹೇಳಿದೆ: “ಅಜ್ಜಿ, ಮುಂದಿನ ವಾರ ನಾನೇ ಬಂದು ನಿಮ್ಮನ್ನ ಮೈಸೂರಿಗೆ ಕರ್ಕೊಂಡು ಹೋಗ್ತೀನಿ. ಕಣ್ಣು ತೋರಿಸೋಣ. ಆಪರೇಷನ್ ಮಾಡಿಸೋಣ.”

ಅಜ್ಜಿ ನನ್ನ ಎರಡೂ ಕೈ ಹಿಡ್ಕೊಂಡು ಕಣ್ಣಿಗೆ ಒತ್ತಿಕೊಂಡ್ರು. ಅಲ್ಲಿದ್ದೋರೆಲ್ಲ ಆಮೆನ್ ಅಂದ್ರು. ದಾರಿಯುದ್ದಕ್ಕೂ ಕಾರಲ್ಲಿ ಹಾಡ್ತಾ ಬಂದ್ವಿ.

ಮುಂದಿನ ವಾರ ಒಂದು ಮದುವೆ. ಅದರ ಮುಂದಿನ ವಾರ ಉಪವಾಸ ಕೂಟ. ಆಮೇಲೆ ಕಾರ್ ಸರ್ವಿಸ್‌ಗೆ ಹೋಯ್ತು. ಆಮೇಲೆ, ನಿಜ ಹೇಳ್ತೀನಿ, ಮರೆತೇಹೋಯ್ತು.

ಆಗಸ್ಟಲ್ಲಿ ಅದೇ ಮನೆಗೆ ಮತ್ತೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಯಾರನ್ನೋ ಮಾತಾಡಿಸಿದೆ. ಪಕ್ಕದ ಜಗಲಿಯಿಂದ ಒಂದು ದನಿ ಬಂತು: “ಸ್ವಾಮಿ, ನೀವು ಕಣ್ ತೋರಿಸ್ತೀನಿ ಅಂದಿದ್ರಲ್ಲ, ಅವ್ರೇ ಅಲ್ವಾ?”

ಆ ಹೊತ್ತಿಗೆ ಅಜ್ಜಿಗೆ ಒಂದು ಕಣ್ಣು ಆಪರೇಷನ್ ಆಗಿತ್ತು. ಮುಖ ನೋಡ್ತಿದ್ರು. ಆದ್ರೆ ಮುಖದಿಂದ ನನ್ನ ಗುರುತು ಸಿಗಲಿಲ್ಲ ಅವರಿಗೆ. ಹೇಗೆ ಸಿಗುತ್ತೆ? ನನ್ನ ಮುಖ ಅವರು ನೋಡೇ ಇರಲಿಲ್ಲ. ಗುರುತು ಸಿಕ್ಕಿದ್ದು ದನಿಯಿಂದ. ನನ್ನಿಂದ ಅವರಿಗೆ ಸಿಕ್ಕಿದ್ದೂ ಅದೊಂದೇ.

ಕೋಪ ಇರಲಿಲ್ಲ ಅವರ ಮಾತಲ್ಲಿ. ಇದ್ದಿದ್ರೆ ನನಗೆ ಸುಲಭ ಆಗ್ತಿತ್ತು. “ಕೆಲಸ ಇರ್ತದೆ ಬುಡಿ ಸ್ವಾಮಿ, ದೊಡ್ಡೋರು ನೀವು” ಅಂದ್ರು.

ಕರ್ಕೊಂಡು ಹೋಗಿದ್ದು ಯಾರು ಅಂತ ಕೇಳಿದೆ. ಆ ಊರಿನ ಆಶಾ ಕಾರ್ಯಕರ್ತೆ. ನಮ್ಮ ಸಭೆಯವರಲ್ಲ, ನಮ್ಮ ನಂಬಿಕೆಯವರೂ ಅಲ್ಲ. ಅವರನ್ನ ನೋಡಿ ವಂದನೆ ಹೇಳೋಣ ಅಂತ ಹೋದೆ. ಅವರು ಹೇಳಿದ ಒಂದು ಮಾತು ಇವತ್ತಿನವರೆಗೂ ನನ್ನನ್ನ ಬಿಟ್ಟಿಲ್ಲ. “ಸಾರ್, ಮಾರ್ಚಲ್ಲೇ ಒಂದು ಕಣ್ಣಿನ ಕ್ಯಾಂಪ್ ಇತ್ತು. ಹೆಸರು ಬರೆಸೋಣ ಬಾ ಅಜ್ಜಿ ಅಂದೆ. ಬರಲಿಲ್ಲ. ಮೈಸೂರಿನೋರು ಬತ್ತೀನಿ ಅಂದವ್ರೆ, ಅವ್ರು ಬಂದಾಗ ನಾನಿಲ್ದಿದ್ರೆ ಬೇಜಾರು ಮಾಡ್ಕತ್ತಾರೆ ಅಂದ್ಲು. ಕಾಯ್ತಾ ಕೂತ್ಲು.”

3. ಬರೀ ಮಾತು ಸೊನ್ನೆಯಲ್ಲ, ಸಾಲ

ಯೌವನಸ್ಥರೇ, ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ. ಇವತ್ತಿನ ಪಾಠ ಪೂರ್ತಿ ಇದರಲ್ಲೇ ಇದೆ.

ಮಾತಾಡಿ ಮಾಡದೆ ಹೋದ್ರೆ ಏನಾಗುತ್ತೆ? ‘ಏನೂ ಆಗಲ್ಲ, ಒಂದು ಒಳ್ಳೆ ಕೆಲಸ ಮಿಸ್ ಆಯ್ತು ಅಷ್ಟೇ’ ಅಂತ ನಾನು ಅಂದ್ಕೊಂಡಿದ್ದೆ. ಅಂದ್ರೆ ಮಾಡಿದ್ರೆ ಹತ್ತು ಮಾರ್ಕ್ಸ್, ಮಾಡದಿದ್ರೆ ಸೊನ್ನೆ. ಹಾಗಲ್ಲ. ನಾನು ಆ ಮನೆಗೆ ಹೋಗದೇ ಇದ್ದಿದ್ರೆ ಅಜ್ಜಿ ಮಾರ್ಚಲ್ಲೇ ಕ್ಯಾಂಪ್‌ಗೆ ಹೋಗ್ತಿದ್ರು. ನಾನು ಹೋಗಿ, ಪ್ರಾರ್ಥನೆ ಮಾಡಿ, ಮಾತು ಕೊಟ್ಟಿದ್ದರಿಂದ ಅವರು ಇನ್ನೂ ನಾಲ್ಕು ತಿಂಗಳು ಕತ್ತಲಲ್ಲಿ ಕೂತ್ರು. ನನ್ನ ಮಾತು ಅವರಿಗೆ ಬೆಳಕು ಕೊಡಲಿಲ್ಲ. ಬರ್ತಿದ್ದ ಬೆಳಕಿಗೆ ಅಡ್ಡ ನಿಂತಿತು.

ಮಾತು ಕೊಡೋದು ಅಂದ್ರೆ ಸಾಲದ ಪತ್ರಕ್ಕೆ ಸಹಿ ಹಾಕಿದ ಹಾಗೆ. ಕೇಳಿದವರು ಅದನ್ನ ನಂಬಿ ತಮ್ಮ ದಿನಗಳನ್ನ ಜೋಡಿಸಿಕೊಳ್ತಾರೆ. ನಾವು ಮರೆತರೂ ಅವರು ಮರೆಯಲ್ಲ. ಅದರಲ್ಲೂ ಬಡವರು, ವಯಸ್ಸಾದವರು, ಹಾಸಿಗೆ ಹಿಡಿದವರು ಮರೆಯಲ್ಲ, ಯಾಕಂದ್ರೆ ಕಾಯೋದು ಬಿಟ್ರೆ ಅವರಿಗೆ ಬೇರೆ ದಾರಿ ಇರಲ್ಲ.

ಯಾಕೋಬನ ಪತ್ರಿಕೆ ನೋಡಿ, 2ನೇ ಅಧ್ಯಾಯ. ಸಭೆಯಲ್ಲೇ ಒಬ್ಬನಿಗೆ ಹೊದೆಯೋಕೆ ಬಟ್ಟೆ ಇಲ್ಲ, ಅವತ್ತಿನ ಊಟಕ್ಕಿಲ್ಲ. ಅವನಿಗೆ ಇನ್ನೊಬ್ಬ ವಿಶ್ವಾಸಿ, ಸಮಾಧಾನದಿಂದ ಹೋಗಪ್ಪಾ, ಬೆಚ್ಚಗಿರು, ಹೊಟ್ಟೆ ತುಂಬಾ ಊಟ ಮಾಡು ಅಂತ ಹರಸಿ ಕಳಿಸ್ತಾನೆ. ಕೈಗೆ ಏನೂ ಕೊಡಲ್ಲ. ಇದರಿಂದ ಏನು ಪ್ರಯೋಜನ ಅಂತ ಯಾಕೋಬ ಕೇಳ್ತಾನೆ. ಆ ಮಾತುಗಳಲ್ಲಿ ಒಂದಾದ್ರೂ ಕೆಟ್ಟ ಮಾತು ಇದೆಯಾ? ಇಲ್ಲ. ಎಲ್ಲ ಆಶೀರ್ವಾದದ ಮಾತೇ. ಆದ್ರೆ ಆಶೀರ್ವಾದದ ಮಾತನ್ನೇ ಬಾಗಿಲು ಹಾಕೋಕೆ ಬಳಸಿಕೊಂಡ. ನಾವು ‘ಪ್ರೇಯರ್ ಮಾಡ್ತೀನಿ ಬ್ರದರ್’ ಅಂತ ಕೈ ಜೋಡಿಸಿದ ಎಮೋಜಿ ಹಾಕಿ ಚಾಟ್ ಮುಚ್ಚಿಬಿಡ್ತೀವಲ್ಲ, ಎಷ್ಟೋ ಸಲ ಅದೂ ಇದೇ.

ಅಜ್ಜಿಯ ವಿಷಯದಲ್ಲಿ ಇನ್ನೊಂದು ನಾಚಿಕೆ. ಇದು ದುಡ್ಡಿನ ಪ್ರಶ್ನೆಯೂ ಆಗಿರಲಿಲ್ಲ. ಸರ್ಕಾರದ ಅಂಧತ್ವ ನಿವಾರಣಾ ಕಾರ್ಯಕ್ರಮದಲ್ಲಿ ಪೊರೆ ಆಪರೇಷನ್ ಉಚಿತ. ಬೇಕಾಗಿದ್ದು ಒಂದು ದಿನ, ಜೊತೆಗೆ ಒಬ್ಬ ಮನುಷ್ಯ. ಆಶಾ ಕಾರ್ಯಕರ್ತೆ ಕೊಟ್ಟಿದ್ದು ಅದನ್ನೇ. ನಾನು ಕೊಡದೆ ಉಳಿಸಿಕೊಂಡಿದ್ದೂ ಅದನ್ನೇ.

ಆ ಸೀಮೆಯ ಜನಕ್ಕೆ ಮಾತು ಕೊಟ್ಟು ಹೋದವರಲ್ಲಿ ನಾನೇ ಮೊದಲಿನವನಲ್ಲ. ಕಬಿನಿ ಅಣೆಕಟ್ಟು 1974ರಲ್ಲಿ ಮುಗೀತು. ಹೊಲ, ಮನೆ ನೀರಿನಡಿ ಹೋದವರಿದ್ದಾರೆ. ಆ ನದಿಯ ನೀರು ಇವತ್ತು ಮೈಸೂರಿನ ನಲ್ಲಿಗೂ ಬರುತ್ತೆ, ನಾವು ಕುಡೀತಿದ್ದೀವಿ. ಕಾಡು ರಾಷ್ಟ್ರೀಯ ಉದ್ಯಾನ ಆದಾಗ ಒಳಗಿದ್ದ ಜೇನುಕುರುಬರು, ಬೆಟ್ಟಕುರುಬರು, ಯರವರು ಹೊರಗೆ ಬಂದ್ರು. ಹೈಕೋರ್ಟ್ ಆದೇಶದಿಂದ ರಚನೆಯಾದ ಪ್ರೊಫೆಸರ್ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕು ಅಂತ ಹೇಳಿತು. ಅದನ್ನ ಜಾರಿ ಮಾಡಿ ಅಂತ ಆ ಜನ ವರ್ಷಗಟ್ಟಲೆ ಕೇಳ್ತಾನೇ ಬಂದಿದ್ದಾರೆ. ವರದಿಯೂ ಒಂದು ಮಾತೇ. ಸತ್ಯವಾದ ಮಾತು, ಬೇಕಾಗಿದ್ದ ಮಾತು. ಆದ್ರೆ ವರದಿಯ ಮೇಲೆ ಮನೆ ಕಟ್ಟೋಕಾಗಲ್ಲ.

ಇದನ್ನ ಹೇಳೋದು ಸರ್ಕಾರವನ್ನ ಬೈಯೋಕೆ ಅಲ್ಲ. ಮಾತು ಕೇಳಿ ಕೇಳಿ ಸುಸ್ತಾದ ಜನರ ಮುಂದೆ ನಾವು ದೇವರ ಹೆಸರು ಹಿಡ್ಕೊಂಡು ಹೋಗಿ ಇನ್ನೊಂದು ಹುಸಿ ಮಾತು ಸೇರಿಸಿ ಬಂದ್ರೆ, ಅವರು ನಮ್ಮನ್ನಷ್ಟೇ ಅಲ್ಲ, ನಮ್ಮ ಬಾಯಲ್ಲಿದ್ದ ಹೆಸರನ್ನೂ ನಂಬಲ್ಲ. ಅದನ್ನ ನೆನೆಸಿಕೊಂಡ್ರೆ ನನಗೆ ಭಯ ಆಗುತ್ತೆ.

4. ಹಾಗಾದ್ರೆ ಕೃಪೆಯ ಗತಿ ಏನು?

ಈಗ ನಿಮ್ಮಲ್ಲಿ ವಾಕ್ಯ ಚೆನ್ನಾಗಿ ಓದಿದವರಿಗೆ ಒಂದು ಪ್ರಶ್ನೆ ಬಂದಿರುತ್ತೆ. “ಪಾಸ್ಟರ್, ನಾವು ರಕ್ಷಣೆ ಹೊಂದಿರೋದು ಕೃಪೆಯಿಂದ, ಕ್ರಿಯೆಗಳಿಂದ ಅಲ್ಲ ಅಲ್ವಾ?” ಹೌದು. ಎಫೆಸ 2:8-9. ಅದರಲ್ಲಿ ಒಂದು ಅಕ್ಷರ ಬದಲಾಗಲ್ಲ. ನೂರು ಅಜ್ಜಿಯರಿಗೆ ಕಣ್ಣು ಮಾಡಿಸಿದ್ರೂ ಅದರಿಂದ ನಾನು ಪರಲೋಕ ಕೊಂಡುಕೊಳ್ಳೋಕಾಗಲ್ಲ. ಶಿಲುಬೆಯ ಮೇಲೆ ಆಗಬೇಕಾದ ಕೆಲಸ ಆಗಿಹೋಗಿದೆ.

ಆದ್ರೆ ನಾವು ಯಾಕೆ ಯಾವಾಗಲೂ ಒಂಬತ್ತನೇ ವಚನದಲ್ಲೇ ನಿಂತುಬಿಡ್ತೀವಿ? ಹತ್ತನೇ ವಚನ ಓದಿ. ಒಳ್ಳೆ ಕೆಲಸಗಳಿಗಾಗಿಯೇ ದೇವರು ಕ್ರಿಸ್ತನಲ್ಲಿ ನಮ್ಮನ್ನ ಉಂಟುಮಾಡಿದ್ದಾರೆ, ಆ ಕೆಲಸಗಳನ್ನ ಮುಂಚೆಯೇ ಸಿದ್ಧ ಮಾಡಿಟ್ಟಿದ್ದಾರೆ ಅಂತ ಪೌಲ ಬರೀತಾನೆ. ಮಾವಿನ ಮರ ಹಣ್ಣು ಬಿಟ್ಟು ಮಾವಿನ ಮರ ಆಗಲ್ಲ. ಮಾವಿನ ಮರ ಆಗಿರೋದಕ್ಕೇ ಹಣ್ಣು ಬಿಡುತ್ತೆ. ಆದ್ರೆ ವರ್ಷಾನುಗಟ್ಟಲೆ ಒಂದು ಹಣ್ಣೂ ಕಾಣದಿದ್ರೆ ತೋಟದವನು ಬೇರು ನೋಡೋಕೆ ಬರ್ತಾನೆ.

ನಾನು ಹುಡುಗನಾಗಿದ್ದಾಗ ಒಂದು ಕೆಟ್ಟ ಅಭ್ಯಾಸ ಇತ್ತು. ಬೇರೆಯವರು ಒಳ್ಳೆ ಕೆಲಸ ಮಾಡೋದನ್ನ ನೋಡಿದ್ರೆ, ‘ಏನು ಮಾಡಿದ್ರೇನು, ಸತ್ಕ್ರಿಯೆಯಿಂದ ರಕ್ಷಣೆ ಇಲ್ಲ’ ಅಂತಿದ್ದೆ. ಬೋಧನೆ ಸರಿ. ಆದ್ರೆ ಆ ಸರಿಯಾದ ಬೋಧನೆಯನ್ನ ನಾನು ಸೋಮಾರಿತನ ಮುಚ್ಚೋ ಕಂಬಳಿ ಮಾಡ್ಕೊಂಡಿದ್ದೆ.

5. ನಮ್ಮವರಲ್ಲದವರು ಮಾಡಿದಾಗ

ಆ ಎಚ್.ಡಿ. ಕೋಟೆ ಸೀಮೆಯಲ್ಲೇ ಒಂದು ಉದಾಹರಣೆ ಇದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸೇರಿ ಒಂದು ಸಂಸ್ಥೆ ಶುರು ಮಾಡಿದ್ರು: ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಮುಂದೆ ನಿಂತವರು ಡಾ. ಆರ್. ಬಾಲಸುಬ್ರಹ್ಮಣ್ಯಂ. ನಿಮ್ಮ ವಯಸ್ಸಿನವರೇ. ಓದು ಮುಗಿದ ಮೇಲೆ, 1987ರಲ್ಲಿ, ಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಅನ್ನೋ ಹಾಡಿಗೆ ಹೋಗಿ ಅಲ್ಲಿನ ಆದಿವಾಸಿಗಳಿಗೆ ವೈದ್ಯ ಮಾಡೋಕೆ ಕೂತ್ರು. ಆಮೇಲೆ ಕೆಂಚನಹಳ್ಳಿಯಲ್ಲಿ ಆಸ್ಪತ್ರೆ, ಸರಗೂರಿನಲ್ಲಿ ಇನ್ನೂ ದೊಡ್ಡ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ. ಡಾಕ್ಟರಾದ ಹುಡುಗರು ಪಟ್ಟಣದಲ್ಲಿ ಕ್ಲಿನಿಕ್ ಹಾಕ್ಕೊಂಡು, ಭಾನುವಾರ ಗ್ರಾಮಸೇವೆ ಬಗ್ಗೆ ಭಾಷಣ ಮಾಡ್ಕೊಂಡು ಇರಬಹುದಿತ್ತು. ಅವರು ಹೋದ್ರು, ಮತ್ತೆ ಅಲ್ಲೇ ಉಳಿದ್ರು.

ಅವರು ನಮ್ಮ ನಂಬಿಕೆಯವರಲ್ಲ. ಹೆಸರಲ್ಲೇ ಗೊತ್ತಾಗುತ್ತೆ. ಹಾಗಂತ ನಾನು ಇದನ್ನ ಹೇಳದೆ ಇರಬೇಕಾ? ಲೂಕ 10 ತೆಗೀರಿ. ದಾರಿಯಲ್ಲಿ ಬಿದ್ದವನನ್ನ ನೋಡಿ ಯಾಜಕ ಪಕ್ಕಕ್ಕೆ ಸರಿದು ಹೋದ, ಲೇವಿಯನೂ ಹೋದ. ಇಬ್ಬರಿಗೂ ವಾಕ್ಯ ಬಾಯಿಪಾಠ. ನಿಂತವನು ಸಮಾರ್ಯದವನು. ಯೆಹೂದ್ಯರು ಯಾರನ್ನ ಹತ್ತಿರ ಸೇರಿಸ್ತಿರಲಿಲ್ಲವೋ ಅವನು. ಕೊನೆಗೆ, ಇವರಲ್ಲಿ ನೆರೆಯವನಾಗಿ ನಡೆದುಕೊಂಡವನು ಯಾರು ಅಂತ ಯೇಸುಸ್ವಾಮಿ ಕೇಳಿದಾಗ, ಆ ಧರ್ಮೋಪದೇಶಕನ ಬಾಯಲ್ಲಿ ‘ಸಮಾರ್ಯದವನು’ ಅನ್ನೋ ಪದ ಬರಲಿಲ್ಲ. ಕರುಣೆ ತೋರಿಸಿದವನು ಅಂತ ಸುತ್ತಿಬಳಸಿ ಹೇಳಿದ. ಹೆಸರು ಹೇಳೋಕೆ ಅಷ್ಟು ಕಷ್ಟ ಅವನಿಗೆ. ನಮಗೂ ಆ ಕಷ್ಟ ಇದೆ ಅಲ್ವಾ?

ಅವರ ಕೆಲಸ ನೋಡಿ ನಮ್ಮ ನಂಬಿಕೆ ಚಿಕ್ಕದಾಗಲ್ಲ. ಆದ್ರೆ ನಮ್ಮ ನೆಪಗಳು ಚಿಕ್ಕದಾಗ್ತವೆ. ‘ಅಷ್ಟು ದೂರ, ರಸ್ತೆ ಸರಿಯಿಲ್ಲ, ನೆಟ್‌ವರ್ಕ್ ಸಿಗಲ್ಲ, ನಮಗೆ ಅನುಭವ ಇಲ್ಲ’ ಅನ್ನೋ ಮಾತುಗಳು ಅವರ ಮುಂದೆ ನಿಲ್ಲಲ್ಲ.

ನಮ್ಮ ಕಡೆಯಲ್ಲೂ ಇಂಥವರಿದ್ರು. ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಹೋಗಿ ಮಿಷನ್ ಆಸ್ಪತ್ರೆ ಎಲ್ಲಿ ಅಂತ ಕೇಳಿ, ಯಾವ ಆಟೋದವರಾದ್ರೂ ಹೇಳ್ತಾರೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1906ರದ್ದು, ವೆಸ್ಲಿಯನ್ ಮಿಷನ್‌ನವರು ಕಟ್ಟಿಸಿದ್ದು. ಆ ಕಾಲದಲ್ಲಿ ಆ ಮಿಷನರಿಗಳು ಎಷ್ಟೋ ಪ್ರಸಂಗ ಮಾಡಿರಬೇಕು. ಅದರಲ್ಲಿ ಒಂದಾದ್ರೂ ಇವತ್ತು ಊರಿನ ಬಾಯಲ್ಲಿ ಉಳಿದಿದೆಯಾ? ಆದ್ರೆ ಅಲ್ಲಿ ಹುಟ್ಟಿದ ಮಕ್ಕಳ ಮೊಮ್ಮಕ್ಕಳು ಮೈಸೂರಿನ ತುಂಬಾ ಇದ್ದಾರೆ. ಎಲ್ಲ ಮತದವರೂ ಇದ್ದಾರೆ.

6. ಮಾತಿಗೆ ಬೆಲೆ ಎಲ್ಲಿಂದ ಬರುತ್ತೆ?

ಹಾಗಾದ್ರೆ ಮಾತೇ ಬೇಡವಾ? ಬಾಯಿ ಮುಚ್ಕೊಂಡು ಕೆಲಸ ಮಾಡ್ತಾ ಇದ್ರೆ ಸಾಕಾ? ಹಾಗೂ ಅಲ್ಲ. ಮಾತೂ ದೇವರ ದಾನವೇ. ಮಗುವನ್ನ ಕಳ್ಕೊಂಡ ತಾಯಿ ಪಕ್ಕ ಕೂತು ಆಡೋ ಒಂದು ಸಮಾಧಾನದ ಮಾತು ಕ್ರಿಯೆಯೇ. ಅನ್ಯಾಯ ನಡೆಯುವಾಗ ಎದ್ದು ‘ಇದು ತಪ್ಪು’ ಅನ್ನೋದು ಕ್ರಿಯೆಯೇ. ಸುವಾರ್ತೆ ಹೇಳಲೇಬೇಕು.

ಆದ್ರೆ ಸಮಾರ್ಯದವನ ಕಥೆಯ ಕೊನೆ ನೋಡಿ. ಅವನೂ ಒಂದು ಮಾತು ಕೊಡ್ತಾನೆ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಇನ್ನು ಹೆಚ್ಚು ಖರ್ಚಾದ್ರೆ ತಿರುಗಿ ಬಂದಾಗ ಕೊಡ್ತೀನಿ ಅಂತಾನೆ. ಛತ್ರದವನು ಯಾಕೆ ನಂಬಬೇಕು? ಗುರುತಿಲ್ಲದ ಊರಿನವನು. ಆದ್ರೆ ಆ ಮನುಷ್ಯ ಗಾಯ ಕಟ್ಟಿದ್ದ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಬಂದಿದ್ದ, ರಾತ್ರಿ ಆರೈಕೆ ಮಾಡಿದ್ದ, ಜೇಬಿಂದ ಹಣ ತೆಗೆದಿದ್ದ. ಮಾಡಿದ್ದು ಕಣ್ಣೆದುರಿಗೆ ಇದ್ದಿದ್ದರಿಂದ ಮಾಡ್ತೀನಿ ಅಂದಿದ್ದಕ್ಕೂ ಬೆಲೆ ಬಂತು.

ಅಪೊಸ್ತಲರ ಕೃತ್ಯಗಳು ಶುರುವಾಗೋದು ಹೇಗೆ ಗೊತ್ತಾ? ಯೇಸು ಮಾಡಿದ್ದು ಮತ್ತು ಕಲಿಸಿದ್ದು ಅಂತ. ಮೊದಲು ಮಾಡಿದ್ದು. ಎಮ್ಮಾಹು ದಾರಿಯಲ್ಲಿ ಶಿಷ್ಯರೂ ಸ್ವಾಮಿಯ ಬಗ್ಗೆ ಹೇಳುವಾಗ ಮೊದಲು ಕೃತ್ಯ, ಆಮೇಲೆ ಮಾತು. ಮತ್ತೆ ಯೊಪ್ಪದ ತಬಿಥಾ, ಅಂದ್ರೆ ದೊರ್ಕ. ಆಕೆ ಆಡಿದ ಒಂದೇ ಒಂದು ಮಾತೂ ಸತ್ಯವೇದದಲ್ಲಿ ಬರೆದಿಲ್ಲ. ಆಕೆ ಸತ್ತಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದು ಕೊಟ್ಟ ಬಟ್ಟೆಗಳನ್ನ. ಅದೇ ಅವಳ ಸಾಕ್ಷಿ.

ಪ್ರಾರ್ಥನೆ ಬಗ್ಗೆಯೂ ಒಂದು ಮಾತು. ಪ್ರಾರ್ಥನೆ ಬರೀ ಮಾತಲ್ಲ, ಅದು ಕೆಲಸವೇ. ಆದ್ರೆ ನೆಹೆಮೀಯನನ್ನ ನೋಡಿ. ಯೆರೂಸಲೇಮಿನ ಗೋಡೆ ಬಿದ್ದಿದೆ ಅಂತ ಕೇಳಿ ಅತ್ತ, ಉಪವಾಸ ಮಾಡಿದ, ಪ್ರಾರ್ಥನೆ ಮಾಡಿದ. ಆಮೇಲೆ ರಾಜನ ಮುಂದೆ ನಿಂತು ರಜೆ ಕೇಳಿದ, ಮರಕ್ಕೆ ಪತ್ರ ಕೇಳಿದ, ಹೊರಟ. ನಿಜವಾದ ಪ್ರಾರ್ಥನೆ ಮಂಡಿಯಿಂದ ಎದ್ದ ಮೇಲೆ ಕಾಲಿಗೆ ಕೆಲಸ ಕೊಡುತ್ತೆ. ಆ ಜನವರಿಯಲ್ಲಿ ನನ್ನ ಪ್ರಾರ್ಥನೆಗೆ ದೇವರು ಉತ್ತರ ಕೊಟ್ಟಿದ್ರು ಅಂತ ಈಗ ಅನ್ನಿಸುತ್ತೆ. ಕಾರ್ ಕೀಲಿ ನನ್ನ ಜೇಬಲ್ಲೇ ಇತ್ತು.

7. ಫೋಟೋಗಾಗಿ ಮಾಡಿದ್ರೆ

ಒಂದು ಎಚ್ಚರಿಕೆ. ಕ್ರಿಯೆ ಮಾಡಿದ್ರೂ ಅದು ಮತ್ತೆ ಬರೀ ಮಾತಾಗಿಬಿಡಬಹುದು. ಹೇಗೆ? ಹತ್ತು ಕಂಬಳಿ ಹಂಚಿ ಇಪ್ಪತ್ತು ಫೋಟೋ ಹಾಕಿದ್ರೆ. ಅನ್ನದ ಪೊಟ್ಟಣ ಕೊಡುವಾಗ ತಗೊಳ್ಳೋರ ಮುಖ ಕ್ಯಾಮೆರಾ ಕಡೆ ತಿರುಗಿಸಿದ್ರೆ. ಅದು ಅವರಿಗಾಗಿ ಮಾಡಿದ್ದಲ್ಲ, ನಮ್ಮ ಬಗ್ಗೆ ಹೇಳ್ಕೊಳ್ಳೋಕೆ ಮಾಡಿದ್ದು. ಮತ್ತಾಯ 6ರಲ್ಲಿ ಸ್ವಾಮಿ ಹೇಳಿದ್ದು ಇದನ್ನೇ; ಅಂಥವರಿಗೆ ಸಿಗಬೇಕಾದ ಫಲ ಆಗಲೇ ಸಿಕ್ಕಾಯ್ತು. ಲೈಕ್ ಬಂತಲ್ಲ, ಅಷ್ಟೇ ಅದರ ಕೂಲಿ.

ಇನ್ನೊಂದು. ಸಹಾಯಕ್ಕೆ ಷರತ್ತು ಹಾಕಬೇಡಿ. ‘ಕಣ್ಣು ಮಾಡಿಸಿದ್ವಲ್ಲ, ಭಾನುವಾರ ಸಭೆಗೆ ಬನ್ನಿ’ ಅಂತ ಅನ್ನಬೇಡಿ. ಸಮಾರ್ಯದವನು ಗಾಯಾಳುವನ್ನ ನೀನು ಯಾವ ಬೆಟ್ಟದಲ್ಲಿ ಆರಾಧನೆ ಮಾಡ್ತೀಯ ಅಂತ ಕೇಳಲಿಲ್ಲ. ಬದಲಿಗೆ ಏನಾದ್ರೂ ಬಯಸಿ ಮಾಡಿದ್ದು ವ್ಯಾಪಾರ. ಕೃಪೆಯಿಂದ ರಕ್ಷಣೆ ಹೊಂದಿದವರು ಕೃಪೆಯಿಂದಲೇ ಕೊಡಬೇಕು.

8. ಈ ವಾರ ಮಾಡಬೇಕಾದ್ದು

ಪ್ರಸಂಗ ಕೇಳಿ ಆಮೆನ್ ಅಂದು ಮನೆಗೆ ಹೋದ್ರೆ ಈ ಪ್ರಸಂಗವೂ ಅದೇ ಲೆಕ್ಕಕ್ಕೆ ಸೇರುತ್ತೆ. ಹಾಗಾಗಿ ಮೂರು ಕೆಲಸ.

ಮೊದಲನೆಯದು: ಕೊಟ್ಟು ಮರೆತ ಮಾತುಗಳನ್ನ ಬರೆದಿಟ್ಟುಕೊಳ್ಳಿ. ಇವತ್ತು ರಾತ್ರಿ, ಒಂದು ಹಾಳೆಯಲ್ಲಿ. ಅಮ್ಮನಿಗೆ ‘ಮುಂದಿನ ತಿಂಗಳು ಊರಿಗೆ ಬರ್ತೀನಿ’ ಅಂದಿದ್ದು. ಕೆಲಸ ಹೋದ ಫ್ರೆಂಡಿಗೆ ‘ನಮ್ಮ ಆಫೀಸಲ್ಲಿ ಕೇಳ್ತೀನಿ’ ಅಂದಿದ್ದು. ತಗೊಂಡ ಸಾಲ. ತಮ್ಮನಿಗೆ ಹೇಳಿಕೊಡ್ತೀನಿ ಅಂದ ಲೆಕ್ಕದ ಪಾಠ. ಬರೆದು, ಒಂದನ್ನ ಈ ವಾರವೇ ತೀರಿಸಿ. ತೀರಿಸೋಕೆ ಆಗದಿದ್ರೆ ಫೋನ್ ಮಾಡಿ ‘ನನ್ನಿಂದ ಆಗಲಿಲ್ಲ, ಕ್ಷಮಿಸಿ, ಕಾಯಬೇಡಿ’ ಅಂತ ಹೇಳಿ. ‘ಕಾಯಬೇಡಿ’ ಅನ್ನೋ ಒಂದು ಮಾತು ನಾನು ಫೆಬ್ರವರಿಯಲ್ಲಿ ಹೇಳಿದ್ದಿದ್ರೆ ಅಜ್ಜಿ ಮಾರ್ಚಲ್ಲಿ ಹೋಗ್ತಿದ್ರು.

ಎರಡನೆಯದು: ‘ಪ್ರೇಯರ್ ಮಾಡ್ತೀನಿ’ ಅನ್ನೋದರ ಜೊತೆಗೆ ಒಂದು ಪ್ರಶ್ನೆ ಕೇಳಿ. ‘ಈಗ ನಿಮಗೆ ಏನು ಬೇಕು?’ ಆಸ್ಪತ್ರೆಗೆ ಜೊತೆಗೆ ಬರಬೇಕಾ, ರಕ್ತ ಬೇಕಾ, ರಾತ್ರಿ ಮಕ್ಕಳನ್ನ ನೋಡ್ಕೋಬೇಕಾ, ಅರ್ಜಿ ತುಂಬಿಕೊಡಬೇಕಾ? ಉತ್ತರ ಬಂದ ಮೇಲೆ ನಿಮ್ಮ ಕೈಲಿ ಆಗೋದನ್ನ ಮಾತ್ರ ಒಪ್ಕೊಳ್ಳಿ. ಒಪ್ಕೊಂಡಿದ್ದಕ್ಕೆ ದಿನಾಂಕ ಹಾಕಿ.

ಮೂರನೆಯದು: ಮತ್ತೆ ಹೋಗಿ. ಒಂದು ಸಲ ಹೋಗೋದು ಸುಲಭ, ಅದರಲ್ಲಿ ಪಿಕ್ನಿಕ್ ಖುಷಿಯೂ ಇರುತ್ತೆ. ಎರಡನೇ ಸಲ ಹೋದಾಗಲೇ ಅವರಿಗೆ ನಮ್ಮ ಮೊದಲ ಸಲದ ಮೇಲೆ ನಂಬಿಕೆ ಬರೋದು.

ಈಗ ಕೊನೆಯದಾಗಿ, ಆ ಮಕ್ಕಳ ಕಥೆಗೆ ಮತ್ತೆ ಬರೋಣ. ನನಗೆ ತುಂಬಾ ದಿನ ಆ ಕಥೆ ಶಿಕ್ಷೆಯ ಹಾಗೆ ಕಾಣ್ತಿತ್ತು. ‘ಹೂಂ ಅಂದು ಹೋಗದವನು ನೀನೇ’ ಅಂತ. ಆದ್ರೆ ಇನ್ನೊಬ್ಬ ಮಗನನ್ನ ನೋಡಿ. ಅವನು ಬೆಳಿಗ್ಗೆ ತಪ್ಪು ಮಾಡಿದ್ದ. ಆಮೇಲೆ ಮನಸ್ಸು ತಿರುಗಿಸಿಕೊಂಡ, ಹೋದ. ತಂದೆ ಅವನ ಬೆಳಗಿನ ಮಾತನ್ನ ಹಿಡಿದು ಕೂರಲಿಲ್ಲ. ತೋಟದ ಬಾಗಿಲು ಇನ್ನೂ ತೆರೆದೇ ಇತ್ತು. ಪಶ್ಚಾತ್ತಾಪ ಅಂದ್ರೆ ಬರೀ ಕಣ್ಣೀರಲ್ಲ ಪ್ರಿಯರೇ, ಎದ್ದು ತೋಟಕ್ಕೆ ನಡೆಯೋದು.

ಅಜ್ಜಿಗೆ ಇನ್ನೊಂದು ಕಣ್ಣು ಬಾಕಿ ಇದೆ. ಹೋದ ವಾರ ಆ ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡಿದ್ದೀನಿ. ಈ ಬುಧವಾರ ಬೆಳಿಗ್ಗೆ ಆರಕ್ಕೆ ನಾನು ಇಲ್ಲಿಂದ ಹೊರಡ್ತೀನಿ. ಅಜ್ಜಿ ಜೊತೆಗೆ ಒಬ್ಬ ಸಹೋದರಿ ಬೇಕು, ರಾತ್ರಿ ಆಸ್ಪತ್ರೆಯಲ್ಲಿ ಉಳಿಯೋಕೆ. ಒಬ್ಬರೇ ಸಾಕು. ಬ್ಯಾನರ್ ಬೇಡ, ಫೋಟೋ ಬೇಡ. ಈಗಲೇ ಕೈ ಎತ್ತಬೇಡಿ. ಮನೆಗೆ ಹೋಗಿ, ಕೆಲಸಕ್ಕೆ ರಜೆ ಸಿಗುತ್ತಾ ನೋಡಿ, ಮನೆಯವರನ್ನ ಕೇಳಿ, ಆಮೇಲೆ ಹೇಳಿ. ಕೈ ಎತ್ತಿ ಬರದೇ ಇರೋದಕ್ಕಿಂತ, ಕೈ ಎತ್ತದೆ ಬುಧವಾರ ಆರಕ್ಕೆ ಗೇಟಿನ ಹತ್ತಿರ ನಿಂತಿರೋದು ಎಷ್ಟೋ ಮೇಲು.

ಪ್ರಾರ್ಥಿಸೋಣ. ತಂದೆಯೇ, ನಮ್ಮ ಬಾಯಿಂದ ಬಂದು ಕೈಗೆ ಇಳಿಯದೆ ಉಳಿದ ಮಾತುಗಳನ್ನ ಕ್ಷಮಿಸು. ನಮ್ಮನ್ನ ನಂಬಿ ಕಾದವರನ್ನ ನೆನಪು ಮಾಡಿಕೊಡು. ಪವಿತ್ರಾತ್ಮನೇ, ನಾಲಿಗೆಯನ್ನ ಮುಟ್ಟಿದ ಹಾಗೆ ನಮ್ಮ ಕಾಲುಗಳನ್ನೂ ಮುಟ್ಟು. ಯೇಸುವಿನ ನಾಮದಲ್ಲಿ ಬೇಡಿಕೊಳ್ತೀವಿ. ಆಮೆನ್.

ಸೆಲ್ ಗ್ರೂಪ್ ಚರ್ಚೆಗೆ ಪ್ರಶ್ನೆಗಳು

1. ಮತ್ತಾಯ 21:28-31ರ ಇಬ್ಬರು ಮಕ್ಕಳಲ್ಲಿ ನೀವು ಮನೆಯಲ್ಲಿ ಯಾರ ಹಾಗೆ ಇದ್ದೀರಿ? ಸಭೆಯಲ್ಲಿ ಯಾರ ಹಾಗೆ?

2. ನೆರವೇರದ ಮಾತು ಕೇಳಿದವರಿಗೆ ಹೇಗೆ ನಷ್ಟ ಮಾಡುತ್ತೆ? ನೀವು ಯಾರದೋ ಮಾತು ನಂಬಿ ಕಾದ ಅನುಭವ ಇದ್ರೆ ಹಂಚಿಕೊಳ್ಳಿ. ಹೆಸರು ಬೇಡ.

3. ಎಫೆಸ 2:8-10ನ್ನ ಒಟ್ಟಿಗೆ ಓದಿ. ಒಂಬತ್ತನೇ ವಚನ ಮತ್ತು ಹತ್ತನೇ ವಚನ ಒಂದಕ್ಕೊಂದು ವಿರುದ್ಧವಾ? ನಿಮ್ಮ ಮಾತಲ್ಲಿ ವಿವರಿಸಿ.

4. ಬೇರೆ ನಂಬಿಕೆಯವರ ಒಳ್ಳೆ ಕೆಲಸವನ್ನ ಬಾಯಿ ತುಂಬಾ ಮೆಚ್ಚೋಕೆ ನಮಗೆ ಯಾಕೆ ಕಷ್ಟ ಆಗುತ್ತೆ?

5. ಈ ವಾರ ನೀವು ತೀರಿಸೋ ಒಂದು ಮಾತು ಯಾವುದು? ಇಲ್ಲಿ ಹೇಳ್ಬೇಡಿ. ಮುಂದಿನ ವಾರ, ತೀರಿಸಿದ ಮೇಲೂ, ಹೇಳಲೇಬೇಕು ಅಂತಿಲ್ಲ.